ಎಲೆಗಳು ಬಾಯಿ ಮುಚ್ಚಿದ ಬೇಸಿಗೆ

ನಮ್ಮ ಅಡುಗೆಮನೆಯಲ್ಲಿ ಬೇಸಿಗೆಯ ನಡುಮಧ್ಯಾಹ್ನವೂ ದೀಪ ಹಾಕಬೇಕಾಗುತ್ತಿತ್ತು. ಕಾರ್ಲ್ಸ್‌ರುಹೆಯ ಅಂಚಿನಲ್ಲಿ, ಕಾಡು ಶುರುವಾಗುವುದಕ್ಕೆ ಎರಡು ಬೀದಿ ಮೊದಲು, ಹಳೆಯ ಎರಡಂತಸ್ತಿನ ಮನೆಯೊಂದರ ಕೆಳಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಅಡುಗೆಮನೆಗಿದ್ದ ಒಂದೇ ಕಿಟಕಿ ಹಿತ್ತಿಲಿಗೆ ತೆರೆದುಕೊಳ್ಳುತ್ತಿತ್ತು, ಹಿತ್ತಿಲ ತುಂಬ ಒಂದೇ ಮರ. ಬೀಚ್ ಜಾತಿಯದು. ಅದರ ಎಲೆ ಹಸಿರಲ್ಲ, ಹಳೆಯ ತಾಮ್ರದ ಕೊಡದ ಬಣ್ಣ. ಆ ಎಲೆಗಳನ್ನು ದಾಟಿ ಬರುವ ಬೆಳಕು ಅಮ್ಮ ನಾದಿದ ಹಿಟ್ಟಿನ ಮೇಲೆ, ನನ್ನ ನೋಟ್‌ಬುಕ್ಕಿನ ಮೇಲೆ, ಗೋಡೆಯ ಟೈಲುಗಳ ಮೇಲೆ ಮಬ್ಬುಗೆಂಪಾಗಿ ಬೀಳುತ್ತಿತ್ತು. ಒಮ್ಮೆ ಆಡಲು ಬಂದ ಶಾಲೆಯ ಗೆಳತಿ, ನಿಮ್ಮ ಮನೆಯಲ್ಲಿ ಯಾವಾಗಲೂ ಸಂಜೆಯೇ ಎಂದಿದ್ದಳು. ನನಗೆ ಹಾಗೆಂದೂ ಅನ್ನಿಸಿರಲಿಲ್ಲ. ತೀರ ಚಿಕ್ಕವಳಿದ್ದಾಗ ಧಾರವಾಡದಿಂದ ಬಂದ ನನಗೆ ಮನೆ ಎಂದರೆ ಆ ಬೆಳಕೇ ಆಗಿತ್ತು. ನಾನು ಹೇಳಹೊರಟಿರುವುದು ನನ್ನ ಹತ್ತನೆಯ ವಯಸ್ಸಿನ ಒಂದು ಬೇಸಿಗೆಯ ವಿಷಯ. ಆ ಬೇಸಿಗೆಯ ಕೊನೆಯಲ್ಲಿ ಅಡುಗೆಮನೆಗೆ ಬೇಸಿಗೆಯ ಬೆಳ್ಳಗಿನ ಬಿಸಿಲು ಮೊದಲ ಬಾರಿ ಬಂತು, ನಾವು ಮೂವರೂ ಆ ಬಿಸಿಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತೆವು.

ಅಪ್ಪ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಹೊರಗೆ ಧೈರ್ಯವಂತ, ಮನೆಯೊಳಗೆ ಕಾಲಿಟ್ಟರೆ ಅಂಜುಬುರುಕ. ಈ ಮನೆ ಸಿಗುವ ಮೊದಲು ಒಂದೇ ಕೋಣೆಯಲ್ಲಿ ಎರಡು ಚಳಿಗಾಲ ಕಳೆದಿದ್ದೆವು; ಎಷ್ಟೋ ಕಡೆ ಹೆಸರು ಕೇಳಿದ ಕೂಡಲೆ ಫೋನು ಇಟ್ಟಿದ್ದರು. ಹಾಗಾಗಿ ಈ ಬಾಡಿಗೆಮನೆ ಅಪ್ಪನಿಗೆ ಯಾರೋ ನಂಬಿ ಕೈಗೆ ಕೊಟ್ಟ ಗಾಜಿನ ಪಾತ್ರೆಯಂತಿತ್ತು. ಕುರ್ಚಿಗಳ ಕಾಲಿಗೆಲ್ಲ ಅವನೇ ಉಣ್ಣೆಯ ಬಿಲ್ಲೆ ಅಂಟಿಸಿದ್ದ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮನೆಯಲ್ಲಿ ಸದ್ದಾಗಬಾರದು ಎಂಬ ಕರಾರಿನ ಮಾತನ್ನು ಫ್ರಿಜ್ಜಿನ ಬಾಗಿಲಿಗೆ ಬರೆದಂಟಿಸಿದ್ದ. ಅಮ್ಮ ಶೇಂಗಾ ಚಟ್ನಿಯನ್ನು ಒಂದು ಗಂಟೆ ಹೊಡೆಯುವ ಮೊದಲೇ ಮಿಕ್ಸಿಗೆ ಹಾಕಬೇಕು. ತಪ್ಪಿದರೆ ಅವತ್ತು ಚಟ್ನಿಯಿಲ್ಲದ ರೊಟ್ಟಿ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಜೋಳದ ಹಿಟ್ಟು ಭಾನುವಾರಕ್ಕೆ ಮಾತ್ರ ಹೊರಬರುತ್ತಿತ್ತು. ಅಮ್ಮ ರೊಟ್ಟಿ ತಟ್ಟುವಾಗಲೂ ಅಪ್ಪ ಅಡುಗೆಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದ.

ಅಮ್ಮ ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಇಲ್ಲಿ ಅವಳ ಪದವಿಯನ್ನು ಒಪ್ಪಿಕೊಳ್ಳುವ ಕಾಗದ ಬರಬೇಕಿತ್ತು. ಆ ಕಾಗದ ಬರಲಿಲ್ಲ, ಪ್ರತಿಸಲವೂ ಇನ್ನೊಂದು ದಾಖಲೆ ಕಳಿಸಿ ಎಂಬ ಪತ್ರ ಬರುತ್ತಿತ್ತು. ವಾರಕ್ಕೆ ನಾಲ್ಕು ದಿನ ಜರ್ಮನ್ ತರಗತಿಗೆ ಹೋಗುತ್ತಿದ್ದಳು. ಮನೆಯಲ್ಲಿ ಚೆನ್ನಾಗಿ ಓದುತ್ತಿದ್ದಳು, ಬರೆಯುತ್ತಿದ್ದಳು. ಬಾಯಿಬಿಡಬೇಕಾದಾಗ ಮಾತ್ರ ಕುತ್ತಿಗೆಯಲ್ಲಿ ಕೆಂಪು ಕಲೆಗಳೆದ್ದು ಮಾತು ನಿಂತುಹೋಗುತ್ತಿತ್ತು. ಬೇಕರಿಯಲ್ಲಿ, ಡಾಕ್ಟರ ಹತ್ತಿರ, ಬಸ್ಸಿನಲ್ಲಿ ಅವಳ ಪರವಾಗಿ ನಾನು ಮಾತಾಡುತ್ತಿದ್ದೆ. ಅದು ನನಗೆ ಹೆಮ್ಮೆಯಲ್ಲ, ನಾಚಿಕೆ. ಅವಳ ಕನ್ನಡಕ್ಕೆ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದೆ. ಅವಳಿಗೆ ಗೊತ್ತಾಗದಿದ್ದರೆ ಇನ್ನೂ ವೇಗವಾಗಿ ಹೇಳುತ್ತಿದ್ದೆ. ಅಡುಗೆಮನೆಯ ಮೇಜಿನಲ್ಲಿ ಮಾತ್ರ ಅವಳು ಬೇರೆಯೇ ಹೆಂಗಸು. ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ಸೂಕ್ಷ್ಮದರ್ಶಕ ಅಲ್ಲಿತ್ತು. ಮರದ ಎಲೆಯ ಕೆಳಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಅದನ್ನು ತೆಳುವಾದ ಪೊರೆಯಂತೆ ಬಿಡಿಸಿ, ಗಾಜಿನ ಮೇಲಿಟ್ಟು ನನ್ನನ್ನು ಕರೆಯುತ್ತಿದ್ದಳು. ಒಳಗೆ ಸಾವಿರಾರು ಪುಟ್ಟ ತುಟಿಗಳು ಕಾಣುತ್ತಿದ್ದವು. ಎಲೆ ಉಸಿರಾಡುವುದು ಆ ತುಟಿಗಳಿಂದ, ನೀರು ಹೊರಹೋಗುವುದೂ ಅಲ್ಲಿಂದಲೇ.

ಮೇಲಿನ ಮಹಡಿಯಲ್ಲಿದ್ದವರು ಮನೆಯ ಒಡತಿ ಫ್ರೌ ಸೈಬೋಲ್ಡ್. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ದಿನಾ ನಾಲ್ಕು ಗಂಟೆಗೆ ಮೆಟ್ಟಿಲಿಳಿದು ಬಂದು ಬೀಚ್ ಮರದ ಕೆಳಗಿನ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದರು. ಕಿಟಕಿಯ ಗಾಜಿಗೆ ಉಂಗುರದಿಂದ ಎರಡು ಸಲ ತಟ್ಟಿದರೆ ಅದು ನನಗೆ ಕರೆ. ಅವರ ಕೇಕು ತಿನ್ನುತ್ತ ಹೋಮ್‌ವರ್ಕ್ ಮಾಡುತ್ತಿದ್ದೆ. ನನ್ನ ಉಚ್ಚಾರಣೆ ತಿದ್ದುತ್ತಿದ್ದರು, ಜಡೆಯನ್ನು ಮುಟ್ಟಿ ನೋಡುತ್ತಿದ್ದರು, ನೀನು ಇಲ್ಲಿಯವಳೇ ಬಿಡು ಎನ್ನುತ್ತಿದ್ದರು. ಆ ಮಾತಿಗಾಗಿ ನಾನು ದಿನವಿಡೀ ಕಾಯುತ್ತಿದ್ದೆ. ಅಮ್ಮ ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದದ್ದು ಗೊತ್ತಿದ್ದೂ ತಿರುಗಿ ನೋಡುತ್ತಿರಲಿಲ್ಲ.

ಆ ವರ್ಷ ಈಸ್ಟರ್ ಆದಮೇಲೆ ಮಳೆ ನಿಂತಿತು. ಮೊದಮೊದಲು ಎಲ್ಲರೂ ಖುಷಿಯಾಗಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ಅಮ್ಮ ಬೀಚಿನ ಎಲೆಯೊಂದನ್ನು ಬಗ್ಗಿಸಿ ನನ್ನ ಕೆನ್ನೆಗೆ ಒತ್ತಿದಳು.

"ಹೆಂಗದ?"

"ತಣ್ಣಗಿದೆ," ಎಂದೆ, ಎಂದಿನಂತೆ ಜರ್ಮನ್‌ನಲ್ಲಿ.

"ಬೆವರ್ಲಿಕ್ಕತ್ತದ, ಅದಕ್ಕ ತಣ್ಣಗ. ಬೆವರೂದು ನಿಂತ ದಿನಾ ಬೆಚ್ಚಗ ಹತ್ತತದ."

ಜೂನ್ ನಡುವಿನಲ್ಲಿ ಅದು ಬೆಚ್ಚಗಾಯಿತು. ಜ್ವರ ಬಂದ ಮಗುವಿನ ಅಂಗೈಯಂತಿತ್ತು. ಸೂಕ್ಷ್ಮದರ್ಶಕದಲ್ಲಿ ತುಟಿಗಳೆಲ್ಲ ಬಿಗಿದುಕೊಂಡು ಬರಿಯ ಗೆರೆಗಳಾಗಿದ್ದವು. ಅಮ್ಮ ಬಹಳ ಹೊತ್ತು ನೋಡಿ, ತಲೆಯೆತ್ತದೆ ಹೇಳಿದಳು:

"ನೀರು ಮುಗೀಲಿಕ್ಕತ್ತದ ಅಂತ ಬೇರಿಗೆ ಮೊದಲ ಗೊತ್ತಾಗತದ. ಅದು ಮ್ಯಾಲೆ ಸುದ್ದಿ ಕಳಸತದ. ಎಲಿ ಇನ್ನೂ ಒಣಗಿರೂದಿಲ್ಲ, ಆದ್ರೂ ಬಾಯಿ ಮುಚ್ಚತದ."

"ಮುಚ್ಚಿದರೆ ಒಳ್ಳೆಯದಲ್ಲವಾ?"

"ನೀರು ಉಳೀತದ. ಆದ್ರ ಆ ಬಾಯಿಂದನ ಅದರ ಊಟ. ಹಂಗ ಎಷ್ಟು ದಿನಾ ಇರಲಿಕ್ಕೆ ಆಗತದ?"

ಜುಲೈ ಬಂದಾಗ ನಮ್ಮ ಬೀದಿ ಬೆಳ್ಳಗಾಯಿತು. ಬೀದಿಯ ಎರಡೂ ಬದಿಗೆ ಲಿಂಡನ್ ಮರಗಳಿದ್ದವು. ಅವುಗಳ ಎಲೆಯ ಕೆಳಗೆ ಬಿಳಿ ನವಿರು. ಒಂದು ಬೆಳಿಗ್ಗೆ ಶಾಲೆಗೆ ಹೊರಟಾಗ ಗಾಳಿಯೇ ಇಲ್ಲದಿದ್ದರೂ ಎಲೆಗಳೆಲ್ಲ ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿಕೊಂಡು ನಿಂತಿದ್ದವು. ಬಿಸಿಲನ್ನು ವಾಪಸು ಕಳಿಸಲು ಹಾಗೆ ಮಾಡಿಕೊಳ್ಳುತ್ತವೆ ಎಂದು ಅಮ್ಮ ಹೇಳಿದಳು. ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನನಗೆ ಸತ್ತ ಮೀನುಗಳ ನೆನಪಾಯಿತು. ಬೀಚ್ ಮರಕ್ಕೆ ಅಂಥ ಯಾವ ಉಪಾಯವೂ ಇರಲಿಲ್ಲ. ಅದರ ಎಲೆಗಳು ಅಂಚಿನಿಂದ ಒಳಕ್ಕೆ ಮುದುಡಿ ದೋಣಿಗಳಾದವು, ಆಮೇಲೆ ಇನ್ನೂ ಹಣ್ಣಾಗದೆ ಉದುರತೊಡಗಿದವು. ಹಿತ್ತಿಲಲ್ಲಿ ನಡೆದರೆ ಕಾಲಡಿಯಲ್ಲಿ ಅಕ್ಟೋಬರಿನ ಸದ್ದು.

"ನಮ್ಮ ಜೋಳಕ್ಕ ರೂಢಿ ಅದ," ಎಂದಳು ಅಮ್ಮ, ರೊಟ್ಟಿಯ ಹಿಟ್ಟಿಗೆ ಬಿಸಿನೀರು ಹಾಕುತ್ತ. "ಎಲಿ ಸುರುಳಿ ಸುತ್ತಿಕೊಂಡು, ಮ್ಯಾಲೆ ಮೇಣ ಬಳಕೊಂಡು ಮಳಿ ಬರೂತನಾ ತಡೀತದ. ಈ ಮರಕ್ಕ ರೂಢಿ ಇಲ್ಲ. ಎಲಿ ಇಟ್ಟುಕೊಂಡ್ರ ನೀರು ಹೋಗತದ, ಅದಕ್ಕ ಎಲೀನ ಬಿಟ್ಟುಕೊಡಲಿಕ್ಕತ್ತದ."

ಅವಳು ಅಕ್ಕಿ ತೊಳೆದ ನೀರು, ಪಾತ್ರೆ ಬೆಳಗಿದ ನೀರು, ನನ್ನ ಸ್ನಾನದ ನೀರು ಎಲ್ಲವನ್ನೂ ಬಕೆಟ್ಟಿನಲ್ಲಿ ಹೊತ್ತು ಮರಕ್ಕೆ ಹಾಕತೊಡಗಿದಳು. ಕಾರ್ಲ್ಸ್‌ರುಹೆಯ ಮಣ್ಣು ಮರಳು. ನೀರು ಬಿದ್ದ ಕ್ಷಣವೇ ಎಲ್ಲಿಗೋ ಇಳಿದುಹೋಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು, ಆದರೂ ಹೊತ್ತಳು. ಬುಡದಿಂದ ಮೇಲೆ ನೋಡುತ್ತ ನಿಂತಾಗಲೇ ಅವಳ ಕಣ್ಣಿಗೆ ಆ ಕೊಂಬೆ ಬಿದ್ದದ್ದು. ಅದು ಅಪ್ಪನ ಸೊಂಟದಷ್ಟು ದಪ್ಪ, ಕಾಂಡದಿಂದ ಅಡ್ಡಕ್ಕೆ ಹೊರಟು ನೇರ ಬೆಂಚಿನ ಮೇಲೆ ಚಾಚಿತ್ತು. ಎಲೆ ಉದುರಿಸಿದ ಮರ ಆ ವರ್ಷ ಕಾಯನ್ನು ಮಾತ್ರ ಎಂದೂ ಇಲ್ಲದಷ್ಟು ಹಿಡಿದಿತ್ತು. ಕೊಂಬೆ ಕಾಂಡವನ್ನು ಸೇರುವಲ್ಲಿ ತೊಗಟೆ ಮಡಿಚಿ ನೆರಿಗೆಗಟ್ಟಿತ್ತು. ಅಮ್ಮ ಕೊಂಬೆಯ ತುದಿಗೆ ಒಂದು ದಾರ ಕಟ್ಟಿ ಅದರ ಕೊನೆಗೆ ಚಮಚವೊಂದನ್ನು ತೂಗುಬಿಟ್ಟಳು. ಮೊದಲ ದಿನ ಚಮಚ ನೆಲದಿಂದ ಒಂದು ಗೇಣು ಮೇಲಿತ್ತು. ಹತ್ತು ದಿನದಲ್ಲಿ ನನ್ನ ಮೂರು ಬೆರಳಿನಷ್ಟಾಯಿತು. ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಚಮಚ ಒಣ ಎಲೆಗಳ ಮೇಲೆ ಮಲಗಿತ್ತು.

ಅವತ್ತಿನ ರೊಟ್ಟಿ ಊಟದಲ್ಲಿ ಜಗಳವಾಯಿತು. ಬಾಗಿಲು ಎಳೆದಿತ್ತು, ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದರು.

"ಗಾಳಿ ಇಲ್ಲ, ಮಳಿ ಇಲ್ಲ. ಟೊಂಗಿ ತಾನ ಬೀಳತದೇನು?" ಎಂದ ಅಪ್ಪ.

"ಗಾಳಿ ಇಲ್ಲದಾಗನ ಬೀಳತಾವ. ಇಂಥಾ ಬ್ಯಾಸಿಗಿ ಮಧ್ಯಾಹ್ನ, ಏನೂ ಸಪ್ಪಳ ಇಲ್ಲದಾಗ. ಯಾಕ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಆದ್ರ ಬೀಳತಾವ."

"ಅವರ ಅಪ್ಪ ಹಚ್ಚಿದ ಮರಾ ಅದು. ಬಾಡಿಗಿಗೆ ಇರೋರು ಹೋಗಿ ನಿಮ್ಮ ಮರಾ ಸರಿ ಇಲ್ಲ ಅಂತ ಹೇಳೂದೇನು? ನಾಳೆ ಮನಿ ಖಾಲಿ ಮಾಡ್ರಿ ಅಂದ್ರ? ಪ್ಲೀಸ್, ಸುಮ್ನಿರು."

"ನಾನು ಸುಮ್ನನ ಇದ್ದೀನಲ್ಲ, ಈ ದೇಶಕ್ಕ ಬಂದಾಗಿಂದ," ಎಂದಳು ಅಮ್ಮ.

ಅಪ್ಪ ತಟ್ಟೆ ಬಿಟ್ಟು ಎದ್ದ. ಹಿತ್ತಿಲಿಗೆ ಹೋಗಿ ಚಮಚ ಬಿಚ್ಚಿಕೊಂಡು ಬಂದು, ತೊಳೆದು, ಡ್ರಾಯರಿನಲ್ಲಿಟ್ಟ.

ಮಾರನೆಯ ದಿನ ನಾಲ್ಕು ಗಂಟೆಗೆ ಅಮ್ಮ ಸೀರೆಯುಟ್ಟು, ಕಾಲೇಜಿಗೆ ಹೊರಟವಳಂತೆ ಜಡೆ ಕಟ್ಟಿಕೊಂಡು ನನ್ನ ಕೈಹಿಡಿದು ಹಿತ್ತಿಲಿಗೆ ಹೋದಳು. ಫ್ರೌ ಸೈಬೋಲ್ಡ್ ಕಪ್ಪನ್ನು ಕೆಳಗಿಟ್ಟು ನೋಡಿದರು. ಅಮ್ಮ ಜರ್ಮನ್‌ನಲ್ಲಿ ಶುರುಮಾಡಿದಳು, ಮರ ಎಂದಳು, ಅಲ್ಲಿಗೆ ಕುತ್ತಿಗೆ ಕೆಂಪಾಯಿತು. ನನ್ನ ಕಡೆ ತಿರುಗಿ ಪಾಠ ಹೇಳುವ ದನಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು:

"ಈ ಟೊಂಗಿ ಬೀಳತದ ಅಂತ ಹೇಳು. ಇದರ ಕೆಳಗ ಕೂಡಬ್ಯಾಡ್ರಿ ಅಂತ ಹೇಳು. ಮರದ ಪರೀಕ್ಷಾ ಮಾಡೋರನ್ನ ಇದೇ ವಾರ ಕರಸ್ರಿ ಅಂತ ಹೇಳು. ನಾನು ಇದನ್ನ ಓದೀನಿ, ಕಲಿಸೀನಿ ಅಂತನೂ ಹೇಳು."

ಒಂದೊಂದು ಮಾತೂ ನನಗೆ ಅರ್ಥವಾಗಿತ್ತು. ಫ್ರೌ ಸೈಬೋಲ್ಡ್ ನನ್ನನ್ನೇ ನೋಡುತ್ತಿದ್ದರು. ಅವರ ಪಕ್ಕ ಬೆಂಚಿನ ಮೇಲೆ ನನ್ನ ತಟ್ಟೆ ಇತ್ತು. ಅಮ್ಮನ ಸೀರೆ, ಅವಳ ಬೆವರು, ಮರಕ್ಕೆ ಶಾಪ ಹಾಕುವಂಥ ಆ ಮಾತು, ಎಲ್ಲ ಸೇರಿ ನನಗೆ ಅಳು ಬರುವಷ್ಟು ನಾಚಿಕೆಯಾಯಿತು. ಹೇಳಿದರೆ ದಿನಾ ನಾಲ್ಕು ಗಂಟೆಗೆ ಬರುವ ಕರೆ ನಿಂತಿತು ಅನ್ನಿಸಿತು. ಅಪ್ಪನ ಭಯವೂ ನನ್ನೊಳಗಿತ್ತು. ನಾನು ಜರ್ಮನ್‌ನಲ್ಲಿ ಅಮ್ಮನಿಗೆ ಹಿಡಿಯದಷ್ಟು ವೇಗವಾಗಿ ಹೇಳಿದ್ದು ಇಷ್ಟು:

"ಮರ ತುಂಬ ಚೆಂದ ಇದೆ ಅನ್ನುತ್ತಾಳೆ ಅಮ್ಮ. ಅದಕ್ಕೆ ಬಾಯಾರಿದೆಯಂತೆ. ಸ್ವಲ್ಪ ನೀರು ಹಾಕಿದರೆ ಒಳ್ಳೆಯದಂತೆ."

ಅವರ ಮುಖ ಅರಳಿತು. "ಎಂಥ ಒಳ್ಳೆಯ ಹೆಂಗಸು ನಿನ್ನ ಅಮ್ಮ. ಹೆದರಬೇಡ ಅಂತ ಹೇಳು. ಈ ಮರ ನಮ್ಮನ್ನೆಲ್ಲ ಕಳಿಸಿಯೇ ಹೋಗುವುದು."

ಅಮ್ಮ ನನ್ನ ಮುಖ ನೋಡಿದಳು. "ಏನಂದ್ರು?"

"ಕರಸ್ತಾರಂತ," ಎಂದೆ. ನಾನು ಅವಳಿಗೆ ಕನ್ನಡದಲ್ಲಿ ಉತ್ತರಿಸಿದ್ದು ಎಷ್ಟೋ ದಿನಗಳ ಮೇಲೆ. "ಮುಂದಿನ ವಾರ."

ಅಮ್ಮ ಕೈಮುಗಿದಳು. ಫ್ರೌ ಸೈಬೋಲ್ಡ್ ಕೂಡ ನಗುತ್ತ ಕೈಮುಗಿದರು. ಒಳಗೆ ಬಂದ ಅಮ್ಮ ಅವತ್ತು ಹಾಡಿಕೊಳ್ಳುತ್ತ ಅಡುಗೆ ಮಾಡಿದಳು.

ಆ ಮೇಲಿನ ದಿನಗಳು ನನಗೆ ಒಂದೇ ಉದ್ದನೆಯ ಮಧ್ಯಾಹ್ನದಂತೆ ನೆನಪಿವೆ. ಶಾಲೆಗೆ ರಜೆ. ಅಮ್ಮ ದಿನಾ ಮರಾ ನೋಡೋರು ಬಂದ್ರೇನು ಎಂದು ಕೇಳುವಳು. ಆ ಜನರಿಗೆ ಕೆಲಸ ಜಾಸ್ತಿಯಂತೆ, ಕಾಯಬೇಕಂತೆ ಎಂದು ನಾನು ಹೇಳುವೆ. ಮತ್ತ ಅವರು ಇನ್ನೂ ಅಲ್ಲೇ ಕೂಡತಾರಲ್ಲ ಎಂದರೆ, ಹೇಳಿದರೂ ಕೇಳುವುದಿಲ್ಲ ಎನ್ನುವೆ. ಒಂದು ಸುಳ್ಳಿಗೆ ಇನ್ನೊಂದನ್ನು ಕಟ್ಟುವುದು ಅಷ್ಟು ಸಲೀಸು ಎಂದು ಗೊತ್ತಿರಲಿಲ್ಲ. ನೀ ಅಲ್ಲಿ ಕೂಡಬ್ಯಾಡ ಎಂದು ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ನಾನು ಕೂರುತ್ತಿರಲಿಲ್ಲ. ಉಂಗುರದ ಸದ್ದಾದರೆ ತಲೆನೋವು ಎನ್ನುತ್ತಿದ್ದೆ, ಓದುವುದಿದೆ ಎನ್ನುತ್ತಿದ್ದೆ. ಒಮ್ಮೆ ಅವರು ಬೆಂಚಿಗೆ ಹಾಕಿಕೊಳ್ಳುವ ದಿಂಬನ್ನು ಮನೆಯ ಮುಂದಿನ ಮೆಟ್ಟಿಲ ಮೇಲೆ ಇಟ್ಟುಬಂದೆ. ಅಲ್ಲಿಯೇ ಕೂರಲಿ ಎಂದು. ಅವರು ಅದನ್ನು ಎತ್ತಿಕೊಂಡು, ತುಂಟಿ ಎಂದು ಬೆರಳು ಆಡಿಸಿ, ಮತ್ತೆ ಬೆಂಚಿಗೇ ಹೋದರು. ಇನ್ನೊಮ್ಮೆ, ಒಳಗೆ ನಮ್ಮ ಅಡುಗೆಮನೆ ತಂಪಾಗಿದೆ ಬನ್ನಿ ಎಂದು ಕರೆದೆ. ಮರದ ಕೆಳಗಿನ ತಂಪು ಯಾವ ಮನೆಯಲ್ಲೂ ಇಲ್ಲ ಎಂದರು. ನಿಜ ಹೇಳಲು ನನಗೆ ಬೇಕಾಗಿದ್ದದ್ದು ಒಂದೇ ವಾಕ್ಯ. ನನಗೆ ಅವರ ಭಾಷೆ ಬರುತ್ತಿತ್ತು, ವ್ಯಾಕರಣ ಬರುತ್ತಿತ್ತು. ಪ್ರತಿದಿನ ಆ ವಾಕ್ಯವನ್ನು ಕಿಟಕಿಯ ಬಳಿ ನಿಂತು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ, ಆಮೇಲೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂದು ನೆನಪಾಗುತ್ತಿತ್ತು.

ಕೊಂಬೆ ಬಿದ್ದ ದಿನ ಅಮ್ಮ ತರಗತಿಗೆ ಹೋಗಿದ್ದಳು. ಹಕ್ಕಿ ಕೂಡ ಕೂಗದ ಬಿಸಿಲು. ಗಾಜಿಗೆ ಉಂಗುರ ಎರಡು ಸಲ ತಟ್ಟಿತು. ಪ್ಲಮ್ ಹಣ್ಣಿನ ಕೇಕು ತಂದಿದ್ದೇನೆ, ಇವತ್ತಾದರೂ ಬಾ ಎಂದರು. ಹೊಟ್ಟೆನೋವು ಎಂದೆ. ಪಾಪ, ಎಂದು ಹೋದರು. ನಾನು ಮೇಜಿನ ಬಳಿ ಬಂದು ಕೂತೆ. ಮೊದಲು ಒಂದು ಚಟ್ ಸದ್ದು ಬಂತು, ಯಾರೋ ಒಣ ರೊಟ್ಟಿ ಮುರಿದಷ್ಟೇ. ಆಮೇಲೆ ನೆಲ ಅದುರಿತು, ಕಿಟಕಿಯ ತುಂಬ ಧೂಳು, ಧೂಳು ಇಳಿದಂತೆ ಅಡುಗೆಮನೆಯೊಳಗೆ ಬಿಳಿ ಬಿಸಿಲು ನುಗ್ಗಿತು. ಹೊರಗೆ ಓಡಿದೆ. ಬೆಂಚು ಕಾಣಲಿಲ್ಲ. ಮುದುಡಿದ ಎಲೆಗಳ ರಾಶಿಯೊಳಗಿಂದ ಒಂದು ಕೈ ಕಂಡಿತು, ಉಂಗುರ ಕಂಡಿತು, ಬೆರಳು ಅಲ್ಲಾಡುತ್ತಿತ್ತು. ಅವರು ಕೂಗುತ್ತಿರಲಿಲ್ಲ. ನನ್ನ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದರು. ಶಾಲೆಯಲ್ಲಿ ಕಲಿಸಿದ ನಂಬರಿಗೆ ಫೋನ್ ಮಾಡಿ ಬೀದಿ, ಮನೆ ನಂಬರ್, ಏನಾಯಿತು ಎಲ್ಲವನ್ನೂ ತಡವರಿಸದೆ ಹೇಳಿದೆ. ಫೋನೆತ್ತಿದ ಹೆಂಗಸು, ಎಷ್ಟು ಚೆನ್ನಾಗಿ ಹೇಳಿದೆ ಮಗು, ಎಂದಳು. ಅಗ್ನಿಶಾಮಕ ದಳದವರು ಬಂದು ಗರಗಸದಿಂದ ಕೊಂಬೆ ಕತ್ತರಿಸಿ ಅವರನ್ನು ಹೊರಗೆ ತೆಗೆಯುವಷ್ಟರಲ್ಲಿ ಅಮ್ಮ ಬಂದಳು. ಗೇಟಿನಲ್ಲಿ ನಿಂತು ಮರವನ್ನಲ್ಲ, ನನ್ನನ್ನು ನೋಡಿದಳು.

ಅವರ ಸೊಂಟದ ಮೂಳೆ ಪುಡಿಯಾಗಿತ್ತು, ಒಂದು ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ಆ ವಾರಾಂತ್ಯ ಅವರ ಅಣ್ಣನ ಮಗ ನ್ಯೂರೆಂಬರ್ಗ್‌ನಿಂದ ಬಂದು ನಮ್ಮ ಅಡುಗೆಮನೆಯಲ್ಲಿ ಕೂತ. ಒರಟನಲ್ಲ, ಆದರೆ ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದ.

"ನಿಮ್ಮ ಹೆಂಡತಿ ದಿನಾ ಮರದ ಕೆಳಗೆ ನಿಂತು ಆ ಕೊಂಬೆಯನ್ನು ನೋಡುತ್ತಿದ್ದರು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ದಾರ ಕಟ್ಟಿದ್ದರಂತೆ. ನಿಮಗೆ ಮೊದಲೇ ಗೊತ್ತಿತ್ತೇ? ನನ್ನ ಅತ್ತೆ ಹೇಳುವ ಪ್ರಕಾರ ನಿಮ್ಮ ಹೆಂಡತಿ ಬಂದು ಮರಕ್ಕೆ ನೀರು ಬೇಕು ಎಂದರಂತೆ. ಅಷ್ಟೇ."

ಅಪ್ಪ ಇಲ್ಲ ಎನ್ನಲು ಬಾಯಿ ತೆರೆದ. ಅಮ್ಮ ಕೈಯೆತ್ತಿ ತಡೆದಳು. ನೀರು ಎಂಬ ಆ ಪದ ಅವಳಿಗೆ ತಿಳಿದಿತ್ತು. ಅದು ಒಳಗೆ ಇಳಿದುಹೋಗುವುದನ್ನು ನಾನು ಅವಳ ಮುಖದಲ್ಲಿ ಕಂಡೆ. ನನ್ನ ಕಡೆ ಅವಳು ತಿರುಗಲಿಲ್ಲ. ಅವನನ್ನೇ ನೋಡುತ್ತ, ಜರ್ಮನ್‌ನಲ್ಲಿ, ಒಂದೊಂದೇ ಪದವನ್ನು ಎತ್ತಿಟ್ಟಂತೆ ಮಾತಾಡಿದಳು.

"ನನಗೆ ಗೊತ್ತಿತ್ತು. ನಾನು ಹೇಳಿದೆ. ನನ್ನ ಜರ್ಮನ್ ಕೆಟ್ಟದು. ಅವರಿಗೆ ತಿಳಿಯಲಿಲ್ಲ. ತಪ್ಪು ನನ್ನದು."

"ಮಗಳು ಅನುವಾದ ಮಾಡಲಿಲ್ಲವೇ?"

"ಇಲ್ಲ. ನಾನೇ ಹೇಳಿದೆ."

ಅವನು ಅದನ್ನೂ ಬರೆದುಕೊಂಡ. ಅವನು ಹೋದಮೇಲೆ ಅಪ್ಪ ಮುಖ ಮುಚ್ಚಿಕೊಂಡು ಕೂತ. ಅಮ್ಮ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಕೇಳಲೂ ಇಲ್ಲ. ಮಾರನೆಯ ಬೆಳಿಗ್ಗೆ ಬೇಕರಿಯಲ್ಲಿ ಅಭ್ಯಾಸದಂತೆ ನಾನು ಮುಂದೆ ನಿಂತಾಗ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಬ್ರೆಡ್ಡನ್ನು ತಾನೇ ಕೇಳಿದಳು. ತಪ್ಪು ತಪ್ಪಾಗಿಯೇ ಕೇಳಿದಳು. ಕುತ್ತಿಗೆ ಕೆಂಪಾಗಿತ್ತು, ಮಾತು ನಿಲ್ಲಲಿಲ್ಲ. ಅವತ್ತಿನಿಂದ ಅವಳು ತನ್ನ ಒಂದು ಮಾತನ್ನೂ ನನ್ನ ಬಾಯಿಗೆ ಕೊಡಲಿಲ್ಲ. ಇಂದಿಗೂ ಯಾರಾದರೂ, ಇದನ್ನು ಅವರಿಗೆ ಸ್ವಲ್ಪ ಹೇಳಿಬಿಡು ಎಂದರೆ ನೀವೇ ಹೇಳಿ ಎಂದುಬಿಡುತ್ತೇನೆ.

ಮೂರು ವಾರದ ಮೇಲೆ ಅಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಒಂದು ಕಾಗದ ನೋಡಿಕೊಂಡು ತುಟಿಯಲ್ಲೇ ವಾಕ್ಯಗಳನ್ನು ಕಲಿಯುತ್ತಿದ್ದಳು. ಕೋಣೆಯೊಳಗೆ ಅವಳೊಬ್ಬಳೇ ಹೋದಳು. ನಾನು ಕಾರಿಡಾರಿನಲ್ಲಿ ಕೂತಿದ್ದೆ. ಬಾಗಿಲಿನಾಚೆ ಅವಳ ದನಿ ಕೇಳುತ್ತಿತ್ತು. ಹೊರಗೆ ಬಂದಾಗ ಕಾಗದ ಕೈಯಲ್ಲಿ ಮುದ್ದೆಯಾಗಿತ್ತು.

"ಒಳಗ ಹೋಗು. ನಿನ್ನ ಕರೀಲಿಕ್ಕತ್ತಾರ. ನಿನ್ನ ಬಗ್ಗೆ ನಾ ಏನೂ ಹೇಳಿಲ್ಲ. ಹೇಳೂದು ಬಿಡೂದು ನಿನಗ ಬಿಟ್ಟದ್ದು."

ಫ್ರೌ ಸೈಬೋಲ್ಡ್ ಹಾಸಿಗೆಯಲ್ಲಿ ಸಣ್ಣವರಾಗಿ ಕಂಡರು. ನನ್ನನ್ನು ನೋಡಿ ನಕ್ಕು ಕೈಚಾಚಿದರು. ಹೊದಿಕೆ ಒಂದು ಕಡೆ ಸಪಾಟಾಗಿತ್ತು. ನಾನು ಕೈ ಹಿಡಿಯದೆ, ಬಾಗಿಲಿಗೆ ಬೆನ್ನು ಕೊಟ್ಟು, ಅಮ್ಮ ಅವತ್ತು ಹೇಳಿದ ನಾಲ್ಕು ಮಾತುಗಳನ್ನೂ ಅದೇ ಕ್ರಮದಲ್ಲಿ ಜರ್ಮನ್‌ನಲ್ಲಿ ಹೇಳಿದೆ. ಕೊಂಬೆ ಬೀಳುತ್ತದೆ. ಕೆಳಗೆ ಕೂರಬೇಡಿ. ಪರೀಕ್ಷಿಸುವವರನ್ನು ಕರೆಸಿ. ಇದನ್ನು ನಾನು ಓದಿದ್ದೇನೆ, ಕಲಿಸಿದ್ದೇನೆ. ಅವರ ಕೈ ಹಾಸಿಗೆಯ ಮೇಲೆ ನಿಧಾನವಾಗಿ ಇಳಿಯಿತು.

"ಇದು ನಿನಗೆ ಅವತ್ತೇ ಗೊತ್ತಿತ್ತೇ?"

"ಗೊತ್ತಿತ್ತು."

"ಕೇಕು ತಿನ್ನಲು ಬರಲಿಲ್ಲವಲ್ಲ ನೀನು, ಅದೂ ಇದಕ್ಕೇನಾ?"

ನಾನು ತಲೆಯಾಡಿಸಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಸಿಟ್ಟಿಲ್ಲದೆ, ನನ್ನ ಉಚ್ಚಾರಣೆ ತಿದ್ದುತ್ತಿದ್ದ ಅದೇ ದನಿಯಲ್ಲಿ ಎರಡು ಮಾತು ಹೇಳಿದರು.

ಹೊರಗೆ ಅಮ್ಮ ಲಿಫ್ಟಿನ ಬಳಿ ನಿಂತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಯಾವುದನ್ನೂ ಮುಚ್ಚಿಡದೆ ಕನ್ನಡದಲ್ಲಿ ಹೇಳಿದೆ. "ನೀನು ಮತ್ತೆ ಬರಬೇಕಂತ. ನಾನು ಬರಬಾರದಂತ."

ಅಮ್ಮ ಲಿಫ್ಟಿನ ಗುಂಡಿ ಒತ್ತಿದಳು. ಚಳಿಗಾಲದಲ್ಲಿ ನಾವು ಆ ಮನೆ ಬಿಟ್ಟೆವು. ಅದರ ಮೊದಲೂ, ಆಮೇಲೂ ಪ್ರತಿ ಶನಿವಾರ ಅವಳು ಒಬ್ಬಳೇ ಫ್ರೌ ಸೈಬೋಲ್ಡ್ ಅವರನ್ನು ನೋಡಲು ಹೋಗುತ್ತಿದ್ದಳು. ಅಲ್ಲಿ ಇಬ್ಬರೂ ಏನು ಮಾತಾಡಿಕೊಳ್ಳುತ್ತಿದ್ದರೋ ನನಗೆ ಗೊತ್ತಿಲ್ಲ.